ಚಪ್ಪಾಳೆಯಿಂದ ಹೊಟ್ಟೆ ತುಂಬುವುದಿಲ್ಲ

2020ರ ಮಾರ್ಚ್ 22ರ ಸಂಜೆ ಐದು ಗಂಟೆಗೆ ನಾವು ಜಗಲಿಗೆ, ಬಾಲ್ಕನಿಗೆ ಬಂದು ಚಪ್ಪಾಳೆ ತಟ್ಟಿದೆವು. ಕೆಲವರು ತಟ್ಟೆ ಬಡಿದರು, ಕೆಲವರು ಜಾಗಟೆ ಬಾರಿಸಿದರು. ವೈದ್ಯರಿಗೂ ದಾದಿಯರಿಗೂ ಕೃತಜ್ಞತೆ ಹೇಳುವ ವಿಧಾನ ಅದಾಗಿತ್ತು. ನಾಲ್ಕು ದಿನಗಳ ಬಳಿಕ, ಮಾರ್ಚ್ 26ರ ಗುರುವಾರ ರಾತ್ರಿ ಎಂಟು ಗಂಟೆಗೆ, ಬ್ರಿಟನ್ನಿನ ಜನರೂ ತಂತಮ್ಮ ಮನೆ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ನಮ್ಮಲ್ಲಿ ಅದು ಒಂದು ಸಂಜೆಗೆ ಮುಗಿಯಿತು. ಅಲ್ಲಿ ಹತ್ತು ವಾರಗಳ ಕಾಲ ಪ್ರತಿ ಗುರುವಾರ ನಡೆಯಿತು. ಪ್ರಧಾನಿ, ಮಂತ್ರಿಗಳು, ರಾಜಮನೆತನದವರು ಎಲ್ಲರೂ ತಟ್ಟಿದರು.

ಅದೇ ವಾರ ಬ್ರಿಟನ್ನಿನಲ್ಲಿ ಕೊರೋನಾಕ್ಕೆ ಬಲಿಯಾದ ವೈದ್ಯರ ಮೊದಲ ಹೆಸರುಗಳು ಹೊರಬಿದ್ದವು. ಹಬೀಬ್ ಝೈದಿ, ಆದಿಲ್ ಅಲ್ ತಯ್ಯಾರ್, ಅಮ್ಜದ್ ಅಲ್ ಹೌರಾನಿ, ಅಲ್ಫಾ ಸಅದು. ನಾಲ್ವರೂ ಮುಸ್ಲಿಮರು. ನಾಲ್ವರ ಬೇರೂ ಪಾಕಿಸ್ತಾನ, ಸುಡಾನ್, ನೈಜೀರಿಯಾಗಳಂಥ ದೂರದ ನಾಡುಗಳಲ್ಲಿತ್ತು. ಬಾಂಗ್ಲಾ ಮೂಲದ ಇನ್ನೊಬ್ಬ ವೈದ್ಯ ಅಬ್ದುಲ್ ಮಾಬುದ್ ಚೌಧುರಿ, ಆರೋಗ್ಯ ಸಿಬ್ಬಂದಿಗೆ ರಕ್ಷಣಾ ಉಡುಪು ಕೊಡಿ ಎಂದು ಮಾರ್ಚ್ ಮಧ್ಯದಲ್ಲಿ ಪ್ರಧಾನಿಗೆ ಬಹಿರಂಗವಾಗಿ ಬರೆದಿದ್ದರು. ಏಪ್ರಿಲ್ 8ರಂದು ಅವರೂ ತೀರಿಕೊಂಡರು. ಅವರು ಕೇಳಿದ್ದು ಉಡುಪು, ದೇಶ ಕೊಟ್ಟದ್ದು ಚಪ್ಪಾಳೆ.

ಇವರೆಲ್ಲ ಹಿರಿಯ ವೈದ್ಯರು. ಇವರ ಕೈಕೆಳಗೆ ರಾತ್ರಿ ಹಗಲೆನ್ನದೆ ದುಡಿದವರು ಕಿರಿಯ ವೈದ್ಯರು. ಮೂರೇ ವರ್ಷಗಳಲ್ಲಿ, 2023ರ ಮಾರ್ಚ್ 13ರಂದು, ಈ ಕಿರಿಯ ವೈದ್ಯರು ಇಂಗ್ಲೆಂಡಿನಲ್ಲಿ 72 ಗಂಟೆಗಳ ಮುಷ್ಕರ ಹೂಡಿದರು. ಆಗ ಏನಾಯಿತು? ನಿನ್ನೆಯ ದೇವದೂತರು ಇಂದು ದುರಾಸೆಯವರಾದರು. ರೋಗಿಗಳನ್ನು ಒತ್ತೆಯಿಟ್ಟುಕೊಂಡಿದ್ದಾರೆ ಎಂಬ ಆರೋಪ ಬಂತು. ಚಪ್ಪಾಳೆ ತಟ್ಟಿದ ಕೈಗಳೇ ಬೆರಳು ತೋರಿಸಿದವು.

ನಮ್ಮಲ್ಲೂ ವೈದ್ಯರು ಮುಷ್ಕರ ಹೂಡಿದಾಗ ಚಹಾದಂಗಡಿಯಿಂದ ವಿಧಾನಸೌಧದ ತನಕ ಕೇಳಿಬರುವ ಮಾತು ಒಂದೇ: ‘ಡಾಕ್ಟರುಗಳಿಗೂ ಮುಷ್ಕರವೇ? ಅದು ಸೇವೆಯಲ್ಲವೇ?’ ಸೇವೆ ನಿಜ. ಆದರೆ ಸೇವೆ ಎಂಬ ಪದ ಕೂಲಿಗೆ ಬದಲಿಯೇ? ನಿದ್ದೆಗೆ ಬದಲಿಯೇ? ಕಿರಿಯ ವೈದ್ಯ ಒಬ್ಬ ದುಡಿಮೆಗಾರ. ಅವನನ್ನು ಸಂತನೆಂದು ಕರೆದು ಅವನ ಕೂಲಿಯನ್ನು ನುಂಗುವುದು ಗೌರವವಲ್ಲ, ಮೋಸ. ಈ ಮೋಸವನ್ನು ಬ್ರಿಟನ್ನಿನ ಕಿರಿಯ ವೈದ್ಯರು ಹೇಗೆ ಎದುರಿಸಿದರು, ಎಲ್ಲಿ ಎಡವಿದರು ಎಂಬುದರಲ್ಲಿ ನಮಗೆ ಪಾಠವಿದೆ.

ಬ್ರಿಟಿಷ್ ಮೆಡಿಕಲ್ ಅಸೋಸಿಯೇಶನ್ ಇಂದು ನೋಂದಾಯಿತ ಕಾರ್ಮಿಕ ಸಂಘಟನೆ. ಹುಟ್ಟುವಾಗ ಹಾಗಿರಲಿಲ್ಲ. 1832ರಲ್ಲಿ ವೂಸ್ಟರ್ ನಗರದಲ್ಲಿ ಅದನ್ನು ಕಟ್ಟಿದವರು ತಮ್ಮ ವೃತ್ತಿಯ ಘನತೆಯನ್ನು ಕಾಯಬಯಸಿದ ಗಣ್ಯ ವೈದ್ಯರು. 1948ರಲ್ಲಿ ಆರೋಗ್ಯ ಮಂತ್ರಿ ಅನ್ಯೂರಿನ್ ಬೆವನ್, ಬಡವ ಬಲ್ಲಿದನೆನ್ನದೆ ಎಲ್ಲರಿಗೂ ಉಚಿತ ಚಿಕಿತ್ಸೆ ನೀಡುವ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಲು ಹೊರಟಾಗ, ಅದಕ್ಕೆ ಅಡ್ಡ ನಿಂತದ್ದೂ ಇದೇ ಸಂಘ. ಇತಿಹಾಸದ ವ್ಯಂಗ್ಯವೆಂದರೆ, ಇಂದು ಅದೇ ಸೇವೆಯನ್ನು ಉಳಿಸಬೇಕೆಂದು ಬೀದಿಯಲ್ಲಿ ನಿಲ್ಲುವವರು ಆ ಸಂಘದ ಕಿರಿಯ ಸದಸ್ಯರು.

‘ಕಿರಿಯ’ ಎಂಬ ಪದವೇ ದಾರಿ ತಪ್ಪಿಸುವಂಥದ್ದು. ಕಾಲೇಜಿನಿಂದ ಹೊರಬಿದ್ದ ಮೊದಲ ದಿನದಿಂದ ಹಿಡಿದು ತಜ್ಞವೈದ್ಯನಾಗುವ ತನಕ, ಕೆಲವೊಮ್ಮೆ ಹತ್ತು ವರ್ಷಕ್ಕೂ ಮಿಕ್ಕಿ, ವೈದ್ಯ ಅಲ್ಲಿ ಕಿರಿಯನೇ. ಆತ ಶಸ್ತ್ರಚಿಕಿತ್ಸೆ ಮಾಡಬಹುದು, ಎರಡು ಮಕ್ಕಳ ತಂದೆಯಾಗಿರಬಹುದು, ತಲೆಕೂದಲು ನರೆತಿರಬಹುದು. ಕಿರಿಯ ಎಂದ ಕೂಡಲೇ ಜನ ವಿದ್ಯಾರ್ಥಿ ಎಂದುಕೊಳ್ಳುತ್ತಾರೆ, ಮಂತ್ರಿ ಅಗ್ಗದ ಆಳು ಎಂದುಕೊಳ್ಳುತ್ತಾರೆ. ಕೊನೆಗೂ 2024ರ ಸೆಪ್ಟೆಂಬರಿನಲ್ಲಿ ಸಂಘಟನೆಯ ಒತ್ತಾಯದಿಂದ ಆ ಹೆಸರು ಹೋಯಿತು. ಈಗ ಅವರು ನಿವಾಸಿ ವೈದ್ಯರು.

ದುಡಿಮೆಯ ಗಂಟೆಗಳ ಕತೆ ಇನ್ನೂ ಹಳತು. 1975ರಲ್ಲಿ ಕಿರಿಯ ವೈದ್ಯರು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಹೋರಾಟಕ್ಕಿಳಿದದ್ದು ವಾರದ 40 ಗಂಟೆಗಳ ಮೇಲಿನ ದುಡಿಮೆಗೆ ಸಿಗುವ ಹಣದ ಪ್ರಶ್ನೆಯಲ್ಲಿ. ಅದಾದ ಮೇಲೂ ಎಷ್ಟೋ ವರ್ಷ ಹೆಚ್ಚುವರಿ ಗಂಟೆಗಳಿಗೆ ಸಿಗುತ್ತಿದ್ದುದು ಮಾಮೂಲಿ ದರದ ಒಂದು ಪಾಲು ಮಾತ್ರ. ಬೇರೆ ಕಾರ್ಖಾನೆಗಳಲ್ಲಿ ಓವರ್‌ಟೈಮಿಗೆ ಒಂದೂವರೆ ಪಟ್ಟು ಕೊಟ್ಟರೆ, ಆಸ್ಪತ್ರೆಯಲ್ಲಿ ಅದು ಮೂಲ ದರಕ್ಕಿಂತಲೂ ಕಡಿಮೆ! ಲಂಡನ್ನಿನ ಒಬ್ಬ ಕಿರಿಯ ವೈದ್ಯರ ಒಪ್ಪಂದದಲ್ಲಿ 40 ಗಂಟೆಗಳ ದುಡಿಮೆ, ಅದರ ಮೇಲೆ ಸರಾಸರಿ 48 ಗಂಟೆ ಕರೆದಾಗ ಬರುವ ಹೊಣೆ, ಒಟ್ಟು ವಾರಕ್ಕೆ 88 ಗಂಟೆ ಇತ್ತು. ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಕೆಲಸಗಾರನ ಆರೋಗ್ಯ ಕೆಡುತ್ತದೆಂದು ತಿಳಿದೂ ಒಪ್ಪಂದದ ಹೆಸರಿನಲ್ಲಿ ಅಷ್ಟು ದುಡಿಸಬಹುದೇ ಎಂಬ ಪ್ರಶ್ನೆ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂತು. ಮೊಕದ್ದಮೆ ಮುಂದುವರಿಯಲಿ ಎಂದು ನ್ಯಾಯಾಲಯ ಹೇಳಿತು. 1991ರಲ್ಲಿ ಸರಕಾರ ಮತ್ತು ವೈದ್ಯರ ನಡುವಿನ ಒಪ್ಪಂದವೊಂದು ನಿಜವಾದ ದುಡಿಮೆಯನ್ನು ವಾರಕ್ಕೆ 56 ಗಂಟೆಗೆ ಇಳಿಸುವ ಗುರಿಯಿಟ್ಟಿತು. ಬಳಿಕ ಯುರೋಪಿನ ಕಾನೂನು ಬಂದು, 2009ರ ಹೊತ್ತಿಗೆ ಸರಾಸರಿ 48 ಗಂಟೆಯ ಮಿತಿ ಕಿರಿಯ ವೈದ್ಯರಿಗೂ ಅನ್ವಯವಾಯಿತು.

ಇವುಗಳಲ್ಲಿ ಯಾವುದೂ ಯಾರದೋ ಕನಿಕರದಿಂದ ಬಂದದ್ದಲ್ಲ. 2016ರಲ್ಲಿ ಮಂತ್ರಿ ಜೆರೆಮಿ ಹಂಟ್ ಹೊಸ ಒಪ್ಪಂದವೊಂದನ್ನು ಹೇರಲು ಹೊರಟಾಗ ವೈದ್ಯರು ಹಲವು ಬಾರಿ ಕೆಲಸ ನಿಲ್ಲಿಸಿದರು. ಏಪ್ರಿಲ್ 26 ಮತ್ತು 27ರಂದು ತುರ್ತು ಚಿಕಿತ್ಸೆಯಿಂದಲೂ ಹೊರಬಂದರು. ಆ ಎರಡು ದಿನ ತುರ್ತು ವಿಭಾಗಗಳನ್ನು ನಡೆಸಿದವರು ಹಿರಿಯ ತಜ್ಞರು. ಒಪ್ಪಂದ ಹೇರಲ್ಪಟ್ಟಿತು ನಿಜ. ಆದರೆ ಮಾತುಕತೆಯ ಮೇಜಿನಲ್ಲಿ ಗಿಟ್ಟಿಸಿಕೊಂಡ ಕೆಲವು ಸಂಗತಿಗಳು ಅದರಲ್ಲಿ ಉಳಿದವು. ಪಾಳಿ 13 ಗಂಟೆ ಮೀರಬಾರದು. ಪ್ರತಿ ಆಸ್ಪತ್ರೆಯಲ್ಲೂ ದುಡಿಮೆಯ ಗಂಟೆಗಳನ್ನು ಕಾಯುವ ಒಬ್ಬ ಅಧಿಕಾರಿ ಇರಬೇಕು. ಪಾಳಿ ಮೀರಿ ದುಡಿದ ವೈದ್ಯ ಅದನ್ನು ಕಂಪ್ಯೂಟರಿನಲ್ಲಿ ದಾಖಲಿಸಿದರೆ ಹಣ ಅಥವಾ ಬಿಡುವು ಸಿಗಬೇಕು. ಮಿತಿ ಮೀರಿದರೆ ವಿಭಾಗಕ್ಕೆ ದಂಡ ಬೀಳಬೇಕು. ಸಂಘಟನೆ ಎಂದರೆ ಮುಷ್ಕರ ಎಂದಷ್ಟೇ ತಿಳಿದವರು ಇದನ್ನು ಗಮನಿಸಬೇಕು. ಪಾಳಿಪಟ್ಟಿ ತಿದ್ದಿಸುವುದು, ಸಂಬಳದ ಚೀಟಿ ಪರಿಶೀಲಿಸುವುದು, ಗರ್ಭಿಣಿ ವೈದ್ಯೆಗೆ ರಾತ್ರಿ ಪಾಳಿಯಿಂದ ವಿನಾಯಿತಿ ಕೊಡಿಸುವುದು, ಇಂಥ ಸುದ್ದಿಯಾಗದ ಕೆಲಸಗಳೇ ಅದರ ದಿನಚರಿ.

ಇನ್ನು ಸಂಬಳ. 2023ರಲ್ಲಿ ಸಂಘಟನೆಯ ವಾದ ಸರಳವಾಗಿತ್ತು. 2008ರಿಂದ ಬೆಲೆಯೇರಿಕೆಯನ್ನು ಕಳೆದರೆ ಕಿರಿಯ ವೈದ್ಯರ ಸಂಬಳ ನಾಲ್ಕನೇ ಒಂದು ಪಾಲಿಗಿಂತಲೂ ಹೆಚ್ಚು ಕರಗಿದೆ, ಅದನ್ನು ಮರಳಿ ತುಂಬಿಸಲು 35 ಶೇಕಡಾ ಏರಿಕೆ ಬೇಕು. ಹೊಸ ವೈದ್ಯನ ಮೂಲ ವೇತನ ಗಂಟೆಗೆ 14.09 ಪೌಂಡ್ ಎಂದು ಜಾಹೀರಾತು ನೀಡಿದ ಅವರು, ಕಾಫಿ ಅಂಗಡಿಯ ಹುಡುಗನಿಗೆ ಇದಕ್ಕಿಂತ ಹೆಚ್ಚು ಸಿಗಬಹುದೆಂದು ಚುಚ್ಚಿದರು. ಪ್ರಾಮಾಣಿಕವಾಗಿ ಹೇಳುವುದಾದರೆ, ಈ ಲೆಕ್ಕದ ಮೇಲೆ ತಕರಾರಿದೆ. ರಾತ್ರಿ ಪಾಳಿಯ ಭತ್ಯೆ ಸೇರಿಸಿದರೆ ಕೈಗೆ ಬರುವ ಹಣ ಹೆಚ್ಚು. ಬೆಲೆಯೇರಿಕೆಯನ್ನು ಬೇರೆ ಸೂಚ್ಯಂಕದಿಂದ ಅಳೆದರೆ ನಷ್ಟ ಕಡಿಮೆ ಕಾಣುತ್ತದೆ. ಆದರೆ ಯಾವ ಮಾಪಕದಿಂದ ಅಳೆದರೂ ಸಂಬಳ ಕರಗಿದ್ದು ಕರಗಿದ್ದೇ. ಎಷ್ಟು ಕರಗಿತು ಎಂಬುದಷ್ಟೇ ಜಗಳ.

ಈ ಮುಷ್ಕರ ನಾಲ್ಕು ನಾಯಕರು ಕೋಣೆಯೊಳಗೆ ಕುಳಿತು ಕರೆದದ್ದೂ ಅಲ್ಲ. ಅಂದಿನ ಕಾನೂನಿನಂತೆ ಅಂಚೆಯ ಮೂಲಕ ಮತದಾನವಾಗಬೇಕು, ಅರ್ಧದಷ್ಟಾದರೂ ಸದಸ್ಯರು ಮತ ಹಾಕಿರಬೇಕು, ಹದಿನಾಲ್ಕು ದಿನ ಮೊದಲೇ ನೋಟೀಸು ಕೊಡಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಮತ ಕೇಳಬೇಕು. 77 ಶೇಕಡಾ ಮಂದಿ ಮತ ಹಾಕಿದರು. ಅವರಲ್ಲಿ 98 ಶೇಕಡಾ ಮಂದಿ ಹೌದೆಂದರು. ಇಷ್ಟು ಬೆಂಬಲದಿಂದ ಆರಿಸಿ ಬಂದ ಮಂತ್ರಿ ಜಗತ್ತಿನ ಯಾವ ಪ್ರಜಾಪ್ರಭುತ್ವದಲ್ಲಿದ್ದಾನೆ?

2024ರ ಜುಲೈ ತನಕ ಹನ್ನೊಂದು ಸುತ್ತುಗಳಲ್ಲಿ 44 ದಿನಗಳ ಮುಷ್ಕರ ನಡೆಯಿತು. ಅಷ್ಟೂ ಕಾಲ ಸರಕಾರ ಹೇಳಿದ್ದು ಬೊಕ್ಕಸದಲ್ಲಿ ಹಣವಿಲ್ಲವೆಂದು. ಜುಲೈಯಲ್ಲಿ ಸರಕಾರ ಬದಲಾಯಿತು. ತಿಂಗಳೊಳಗೆ ಹಣ ಹುಟ್ಟಿತು. ಎರಡು ವರ್ಷಗಳಿಗೆ ಸರಾಸರಿ 22.3 ಶೇಕಡಾ ಏರಿಕೆಯ ಪ್ರಸ್ತಾಪವನ್ನು ಸೆಪ್ಟೆಂಬರಿನಲ್ಲಿ 66 ಶೇಕಡಾ ವೈದ್ಯರು ಒಪ್ಪಿದರು. ಕೊರತೆಯಿದ್ದದ್ದು ಹಣಕ್ಕಲ್ಲ, ಮನಸ್ಸಿಗೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಹಾಗಾದರೆ ರೋಗಿಗಳ ಪಾಡೇನು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆ ಅವಧಿಯಲ್ಲಿ ವೈದ್ಯರು, ದಾದಿಯರು ನಡೆಸಿದ ಮುಷ್ಕರಗಳಿಂದ ಹತ್ತು ಲಕ್ಷಕ್ಕೂ ಹೆಚ್ಚು ಭೇಟಿ ಮತ್ತು ಶಸ್ತ್ರಚಿಕಿತ್ಸೆಗಳು ಮುಂದೂಡಲ್ಪಟ್ಟವು. ಮಂಡಿನೋವಿನಿಂದ ನರಳುತ್ತಾ ಆಪರೇಷನ್ನಿನ ದಿನ ಎಣಿಸುತ್ತಿದ್ದ ಅಜ್ಜಿಗೆ ‘ಇವತ್ತು ಇಲ್ಲ’ ಎಂದರೆ ಆಗುವ ಸಂಕಟಕ್ಕೆ ಸಂಘಟನೆಯ ಯಾವ ಕರಪತ್ರವೂ ಸಮಾಧಾನವಲ್ಲ. ಮುಷ್ಕರ ಹೂಡುವ ವೈದ್ಯ ಈ ಅಜ್ಜಿಯ ಮುಖವನ್ನು ಮರೆತರೆ ಅವನ ಹೋರಾಟ ಅಲ್ಲಿಗೇ ಸತ್ತಂತೆ. ಆದರೆ ಅಜ್ಜಿ ಕಾದದ್ದು ಮುಷ್ಕರದ ಮೂರು ದಿನ ಮಾತ್ರವೇ? ಇಂಗ್ಲೆಂಡಿನಲ್ಲಿ ಚಿಕಿತ್ಸೆಗೆ ಕಾಯುವವರ ಪಟ್ಟಿ ಕೊರೋನಾ ಬರುವ ಮೊದಲೇ 45 ಲಕ್ಷದಷ್ಟಿತ್ತು. 2022ರ ಕೊನೆಗೆ, ಅಂದರೆ ಕಿರಿಯ ವೈದ್ಯರು ಒಂದು ದಿನವೂ ಕೆಲಸ ಬಿಡುವ ಮೊದಲು, ಅದು 70 ಲಕ್ಷ ದಾಟಿತ್ತು. ಆ ಪಟ್ಟಿಯನ್ನು ಬೆಳೆಸಿದವರು ಯಾರು? ದಣಿದ ವೈದ್ಯರು ಆಸ್ಟ್ರೇಲಿಯಾಕ್ಕೆ ವಿಮಾನ ಹತ್ತುತ್ತಿದ್ದಾಗ ಸುಮ್ಮನಿದ್ದವರು ಯಾರು? 30 ಗಂಟೆ ನಿದ್ದೆಗೆಟ್ಟವನ ಕೈಯಲ್ಲಿ ಸೂಜಿ ಕೊಡುವುದು ರೋಗಿಯ ಮೇಲಿನ ಕಾಳಜಿಯೇ? ಬಸ್ಸಿನ ಚಾಲಕ ಎರಡು ರಾತ್ರಿ ನಿದ್ದೆ ಮಾಡಿಲ್ಲವೆಂದು ಗೊತ್ತಾದರೆ ನಾವು ಬಸ್ಸಿನಿಂದ ಇಳಿದುಬಿಡುತ್ತೇವೆ. ಆಸ್ಪತ್ರೆಯ ಮಂಚದಿಂದ ಇಳಿಯುವುದೆಲ್ಲಿಗೆ?

ಇಲ್ಲಿಯತನಕ ಆ ಸಂಘಟನೆಯ ಪರ ಮಾತಾಡಿದ್ದಾಯಿತು. ಇನ್ನು ಅದರ ಮೇಲೆ ನಮ್ಮ ದೂರು. ಬ್ರಿಟನ್ನಿನ ಆಸ್ಪತ್ರೆಗಳು ಹೊರದೇಶದ ವೈದ್ಯರಿಲ್ಲದೆ ಒಂದು ರಾತ್ರಿಯೂ ನಡೆಯಲಾರವು. ಮಂಗಳೂರು, ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಎಂಬಿಬಿಎಸ್ ಮುಗಿಸಿ, ಸಾಲ ಮಾಡಿ ಪರೀಕ್ಷೆ ಕಟ್ಟಿ ಅಲ್ಲಿಗೆ ಹೋದವರೂ ಅವರಲ್ಲಿದ್ದಾರೆ. ಅವರಲ್ಲಿ ಹಲವರು ತಜ್ಞ ತರಬೇತಿಯ ಹುದ್ದೆ ಸಿಗದೆ, ಬಡ್ತಿಯ ದಾರಿಯಿಲ್ಲದ ಕೆಲಸಗಳಲ್ಲಿ ದುಡಿಯುತ್ತಾರೆ. 2025ರಲ್ಲಿ ಸುಮಾರು 10,000 ತರಬೇತಿ ಹುದ್ದೆಗಳಿಗೆ 30,000ಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರು. ಹುದ್ದೆಗಳನ್ನು ಹೆಚ್ಚಿಸದ ಸರಕಾರವನ್ನು ಪ್ರಶ್ನಿಸುವುದರ ಜೊತೆಗೆ, ಬ್ರಿಟನ್ನಿನಲ್ಲಿ ಓದಿದವರಿಗೆ ಆದ್ಯತೆ ಕೊಡಿ ಎಂಬ ಬೇಡಿಕೆಯನ್ನೂ ಸಂಘಟನೆ ಮುಂದಿಟ್ಟಿತು. ವಿದೇಶಿ ವೈದ್ಯರು ಪ್ರತಿಭಟಿಸಿದ ಮೇಲೆ, ಈಗಾಗಲೇ ಅಲ್ಲಿ ದುಡಿಯುತ್ತಿರುವವರನ್ನೂ ಪರಿಗಣಿಸಬೇಕೆಂದು ಸೇರಿಸಿತು. ಸರಕಾರಕ್ಕೆ ಬೇಕಿದ್ದದ್ದೂ ಇಂಥ ಬಿರುಕೇ. 2025ರ ಡಿಸೆಂಬರಿನಲ್ಲಿ ಅದು ನೀಡಿದ ಪ್ರಸ್ತಾಪದಲ್ಲಿ ಸಂಬಳದ ಏರಿಕೆ ಇರಲಿಲ್ಲ, ಸ್ಥಳೀಯ ಪದವೀಧರರಿಗೆ ಆದ್ಯತೆಯ ಕಾನೂನು ಇತ್ತು. ವೈದ್ಯರು 83 ಶೇಕಡಾ ಮತಗಳಿಂದ ಅದನ್ನು ತಿರಸ್ಕರಿಸಿ ಮತ್ತೆ ಐದು ದಿನ ಕೆಲಸ ನಿಲ್ಲಿಸಿದರು. ಆದರೆ ಆದ್ಯತೆಯ ಮಸೂದೆ ನಿಲ್ಲಲಿಲ್ಲ, 2026ರ ಜನವರಿಯಲ್ಲಿ ಸಂಸತ್ತಿಗೆ ಬಂತು.

ಪ್ರತಿ ದೇಶಕ್ಕೂ ತನ್ನ ಮಕ್ಕಳ ಚಿಂತೆ ಸಹಜ, ಒಪ್ಪೋಣ. ಆದರೆ ಹಸಿದವರಿಬ್ಬರ ಮುಂದೆ ಒಂದು ರೊಟ್ಟಿ ಎಸೆದು ಜಗಳ ಹಚ್ಚುವುದು ಮಾಲಕರ ಹಳೆಯ ವಿದ್ಯೆ. ಎರಡನೆಯ ರೊಟ್ಟಿ ಎಲ್ಲಿ ಎಂದು ಕೇಳುವುದು ಕಾರ್ಮಿಕ ಸಂಘಟನೆಯ ಕೆಲಸ. ಮೊದಲ ರೊಟ್ಟಿ ಯಾರದು ಎಂದು ತೀರ್ಪು ಕೊಡುವುದಲ್ಲ. ಕೊರೋನಾದ ಮೊದಲ ಸಾಲಿನಲ್ಲಿ ಸತ್ತವರ ಹೆಸರುಗಳನ್ನು ಗೋಡೆಯ ಮೇಲೆ ಬರೆದುಕೊಂಡ ದೇಶ, ಅದೇ ಹೆಸರಿನವರ ಮಕ್ಕಳು, ತಮ್ಮಂದಿರು ಕೆಲಸ ಕೇಳಿ ಬಂದಾಗ ಸಾಲಿನ ಕೊನೆಗೆ ನಿಲ್ಲಿ ಎನ್ನುವುದು ಸರಿಯೇ?

ದೂರದ ಬ್ರಿಟನ್ನಿಗೆ ಬುದ್ಧಿ ಹೇಳುವುದು ಸುಲಭ. ನಮ್ಮ ಮನೆಯೊಳಗೇನಿದೆ? ಬ್ರಿಟನ್ನಿನವರು ‘ಕಿರಿಯ’ ಪದವನ್ನು ಕೈಬಿಟ್ಟರು. ನಾವು ಪಿಜಿ ವೈದ್ಯನಿಗೆ ಕೊಡುವ ಹಣಕ್ಕೆ ಇಂದಿಗೂ ‘ಶಿಷ್ಯವೇತನ’ ಎನ್ನುತ್ತೇವೆ. ಗುರುಕುಲದಲ್ಲಿ ಸೌದೆ ಒಡೆದ ಶಿಷ್ಯನಿಗೆ ಕೊಟ್ಟ ದಕ್ಷಿಣೆಯಂತೆ! ಸರಕಾರಿ ಆಸ್ಪತ್ರೆಯ ರಾತ್ರಿಯನ್ನು ನಡೆಸುವವನು ಆ ಶಿಷ್ಯನೇ. ಹೆರಿಗೆ ಮಾಡಿಸುವವನು, ಅಪಘಾತದ ಗಾಯ ಹೊಲಿಯುವವನು, ಸಾವಿನ ಸುದ್ದಿ ಹೇಳಿ ಮನೆಯವರಿಂದ ಏಟು ತಿನ್ನುವವನೂ ಅವನೇ. ಹಾಸಿಗೆ ಇಲ್ಲದ್ದಕ್ಕೆ, ಔಷಧಿ ಇಲ್ಲದ್ದಕ್ಕೆ ಜನರ ಸಿಟ್ಟು ಮಂತ್ರಿಯ ಮೇಲೆ ಬೀಳಬೇಕಿತ್ತು. ಮಂತ್ರಿ ಕೈಗೆ ಸಿಗುವುದಿಲ್ಲ, ಹೌಸ್ ಸರ್ಜನ್ ಸಿಗುತ್ತಾನೆ.

ನಿವಾಸಿ ವೈದ್ಯರ ದುಡಿಮೆ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆಗಳನ್ನು ಸಾಮಾನ್ಯವಾಗಿ ಮೀರಬಾರದೆಂದು ಕೇಂದ್ರ ಸರಕಾರ ಆದೇಶ ಹೊರಡಿಸಿದ್ದು 1992ರಲ್ಲಿ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ, ವೈದ್ಯ ವಿದ್ಯಾರ್ಥಿಗಳ ಆತ್ಮಹತ್ಯೆಗಳ ಹಿನ್ನೆಲೆಯಲ್ಲಿ ಮಾಡಿದ ಶಿಫಾರಸು ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬೇಡಿ ಎಂಬುದಾಗಿತ್ತು! ಮೂವತ್ತೆರಡು ವರ್ಷಗಳಲ್ಲಿ ನಾವು 48ರಿಂದ 74ಕ್ಕೆ ‘ಸುಧಾರಿಸಿದೆವು’. ಅದೇ ವರ್ಷದ ಆಗಸ್ಟ್ 9ರಂದು ಕಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, ದೀರ್ಘ ಪಾಳಿಯ ನಡುವೆ ಸೆಮಿನಾರ್ ಕೋಣೆಯಲ್ಲಿ ಒರಗಿದ್ದ ಯುವ ವೈದ್ಯೆಯ ಅತ್ಯಾಚಾರ, ಕೊಲೆ ನಡೆಯಿತು. ಆಕೆ ಕಣ್ಣು ಮುಚ್ಚಲು ಒಂದು ಸುರಕ್ಷಿತ ಕೋಣೆ ಇರಲಿಲ್ಲ. ಬಂಗಾಳದ ಕಿರಿಯ ವೈದ್ಯರು 42 ದಿನ ಕೆಲಸ ನಿಲ್ಲಿಸಿದರು, ಆಮೇಲೆ ಉಪವಾಸ ಕುಳಿತರು. ಅವರ ಬೇಡಿಕೆಗಳ ಪಟ್ಟಿಯಲ್ಲಿದ್ದುದು ನ್ಯಾಯದ ಜೊತೆಗೆ ವಿಶ್ರಾಂತಿ ಕೋಣೆ, ಶೌಚಾಲಯ, ಸಿಸಿಟಿವಿ. ಶೌಚಾಲಯಕ್ಕಾಗಿ ಉಪವಾಸ ಕುಳಿತವರನ್ನು ದುರಾಸೆಯವರೆನ್ನೋಣವೇ?

ಕರ್ನಾಟಕದಲ್ಲೂ 2021ರ ನವೆಂಬರಿನಲ್ಲಿ ಸರಕಾರಿ ಕಾಲೇಜುಗಳ ನಿವಾಸಿ ವೈದ್ಯರು ಹೊರರೋಗಿ ವಿಭಾಗ ಬಹಿಷ್ಕರಿಸಬೇಕಾಯಿತು. ಕೇಳಿದ್ದು ಸರಕಾರವೇ ಘೋಷಿಸಿದ್ದ ಕೋವಿಡ್ ಭತ್ಯೆಯನ್ನು. ಚಪ್ಪಾಳೆ ನಗದಾಗಿ ಬಂದಿತ್ತು, ಭತ್ಯೆ ಸಾಲವಾಗಿ ಉಳಿದಿತ್ತು.

ನಮ್ಮಲ್ಲಿ ಇಂಥ ಹೋರಾಟಗಳು ಏಕೆ ಎದ್ದು ಎದ್ದು ಬೀಳುತ್ತವೆ? ಪಿಜಿ ಮೂರು ವರ್ಷ. ಮೊದಲ ವರ್ಷ ಭಯ, ಎರಡನೆಯ ವರ್ಷ ಸಿಟ್ಟು, ಮೂರನೆಯ ವರ್ಷ ಪರೀಕ್ಷೆ. ನಾಯಕನಾದವನು ಪಾಸಾಗಿ ಹೊರಟರೆ ಸಂಘದ ನೆನಪೂ ಅವನ ಜೊತೆ ಹೊರಟಿತು. ಪ್ರಬಂಧಕ್ಕೆ ಸಹಿ ಹಾಕಬೇಕಾದ ಪ್ರೊಫೆಸರರ ಎದುರು ಬಾಯಿ ತೆರೆಯುವ ಧೈರ್ಯ ಯಾರಿಗಿದೆ? ಹಿರಿಯರ ಸಂಘಗಳಲ್ಲಿ ಆಸ್ಪತ್ರೆ ಮಾಲಕರೂ ಇರುತ್ತಾರೆ. ಮಾಲಕ ಮತ್ತು ಆಳು ಒಂದೇ ಸಂಘದಲ್ಲಿ ಕುಳಿತರೆ ಠರಾವು ಯಾರ ಪರವಾಗಿರುತ್ತದೆಂದು ಬೇರೆ ಹೇಳಬೇಕಿಲ್ಲ. ಬ್ರಿಟನ್ನಿನಲ್ಲಿರುವುದು ಕಾಯಂ ಕಚೇರಿ, ಸಂಬಳದ ವಕೀಲರು, ಐವತ್ತು ವರ್ಷಗಳ ಕಡತ. ಇಲ್ಲಿರುವುದು ಒಂದು ವಾಟ್ಸಾಪ್ ಗುಂಪು ಮತ್ತು ಒಂದು ಶಾಮಿಯಾನ.

ಕೊನೆಗೆ ನಮ್ಮ ಸಮುದಾಯದವರಿಗೂ ಒಂದು ಮಾತು ಹೇಳದಿದ್ದರೆ ಈ ಬರಹ ಅರ್ಧಸತ್ಯವಾಗುತ್ತದೆ. ಸೇವೆಯ ಹೆಸರಿನಲ್ಲಿ, ಸಮುದಾಯದ ಹೆಸರಿನಲ್ಲಿ ನಡೆಯುವ ಆಸ್ಪತ್ರೆಗಳು ನಮ್ಮಲ್ಲೂ ಇವೆ. ಒಂದು ಜೀವದ ಬೆಲೆಯನ್ನು ಸಾರುವ ಕುರ್‌ಆನ್ ವಚನವನ್ನು ಚೌಕಟ್ಟು ಹಾಕಿಸಿ ತೂಗುಹಾಕುವ ಆಸ್ಪತ್ರೆಗಳಿಗೆ ನಮ್ಮ ಊರುಗಳಲ್ಲಿ ಬರವಿಲ್ಲ. ಆ ಚೌಕಟ್ಟಿನ ಕೆಳಗೆ ಕುಳಿತ ಡ್ಯೂಟಿ ಡಾಕ್ಟರಿಗೆ ತಿಂಗಳ ಎಷ್ಟನೆಯ ತಾರೀಕಿಗೆ ಸಂಬಳ ಬರುತ್ತದೆ? ವಾರದ ರಜೆ ಇದೆಯೇ? ಕಾರ್ಮಿಕನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ಪ್ರವಾದಿ(ಸ) ಕಲಿಸಿದ್ದನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅಧೀನರ ಮೇಲೆ ಅವರ ಶಕ್ತಿ ಮೀರಿದ ಹೊರೆ ಹೊರಿಸಬಾರದು, ಹೊರಿಸಿದರೆ ಹೆಗಲು ಕೊಡಬೇಕು ಎಂಬುದೂ ಅವರದೇ ಶಿಕ್ಷಣ. ಬಿಳಿ ಕೋಟು ಧರಿಸಿದವನ ಬೆವರಿಗೆ ಇದು ಅನ್ವಯಿಸುವುದಿಲ್ಲವೆಂದು ಯಾವ ಗ್ರಂಥದಲ್ಲಿದೆ? ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಹೊಸ ಯಂತ್ರದ ಬೆಲೆಯ ಜೊತೆಗೆ ಈ ಲೆಕ್ಕವನ್ನೂ ಸದಸ್ಯರು ಕೇಳಬೇಕು.

ವೈದ್ಯ ಮಿತ್ರರಿಗೂ ಇದೇ ಮಾತು. ನಿಮ್ಮ ವಾರ್ಡಿನ ನೆಲ ಒರೆಸುವ ಗುತ್ತಿಗೆ ನೌಕರಳ ಸಂಬಳ ಎರಡು ತಿಂಗಳು ಬಾರದಿದ್ದಾಗ ನೀವು ಎಲ್ಲಿದ್ದಿರಿ? ದಾದಿಯರು ಗೇಟಿನ ಬಳಿ ಕುಳಿತಾಗ ಅವರ ಬಳಿ ಹೋಗಿ ನಿಂತಿರಾ? ನಾನು ವೈದ್ಯ, ಕಾರ್ಮಿಕನಲ್ಲ ಎಂಬ ಹಮ್ಮು ಬಿಡದೆ ಸಂಘಟನೆ ಹುಟ್ಟುವುದಿಲ್ಲ. ಬ್ರಿಟನ್ನಿನ ಗಣ್ಯರ ಸಂಘಕ್ಕೆ ಆ ಹಮ್ಮು ಬಿಡಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಮುಂದಿನ ಬಾರಿ ನಿಮ್ಮೂರಿನ ಆಸ್ಪತ್ರೆಯ ಎದುರು ಬಿಳಿ ಕೋಟಿನ ಹುಡುಗ ಹುಡುಗಿಯರು ಫಲಕ ಹಿಡಿದು ಕುಳಿತಿದ್ದರೆ, ಬೈಯುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ‘ಕೊನೆಯ ಬಾರಿ ನಿದ್ದೆ ಮಾಡಿದ್ದು ಯಾವಾಗ?’ ಉತ್ತರ ಕೇಳಿದ ಮೇಲೂ ಬೈಯಬೇಕೆನಿಸಿದರೆ ಬೈಯಿರಿ. ಚಪ್ಪಾಳೆ ಮಾತ್ರ ತಟ್ಟಬೇಡಿ.